ಹಾಸಿಗೆ ಅಂಗಡಿಯ ನಿದ್ದೆ

ಗುಂಡಿಯಕ್ಕನಿಗೆ ಆ ಹೆಸರು ಬಂದದ್ದು ಅಂಗಿಗಳಿಗೆ ಗುಂಡಿ ಹಾಕುವ ಕೆಲಸದಿಂದ. ಮದುವೆಗೆ ಮುಂಚಿನಿಂದಲೂ ಅವಳು ಷರಟು ಹೊಲಿಯುವ ಕಾರ್ಖಾನೆಯೊಂದರಲ್ಲಿ ಸಾಲಿನ ಕಟ್ಟಕಡೆಯ ಕುರ್ಚಿಯಲ್ಲಿ ಕೂರುತ್ತಿದ್ದಳು. ತೋಳು, ಕಾಲರು, ಜೇಬು ಎಲ್ಲ ಮುಗಿಸಿಕೊಂಡು ಕೈಯಿಂದ ಕೈಗೆ ದಾಟಿ ಬಂದ ಬಟ್ಟೆ ಅವಳ ಮಡಿಲಿಗೆ ಬಿದ್ದು, ಗುಂಡಿ ಹಾಕಿಸಿಕೊಂಡು, ಅಂಗಿ ಅನ್ನಿಸಿಕೊಂಡು ಹೊರಗೆ ಹೋಗುತ್ತಿತ್ತು. ಮಾತಾಡುತ್ತ, ನಗುತ್ತ, ಪಕ್ಕದವಳೊಡನೆ ಜಗಳ ಕಾಯುತ್ತಲೂ ಅವಳ ಸೂಜಿ ದಾರಿ ತಪ್ಪುತ್ತಿರಲಿಲ್ಲ. ಮಗಳು ಹುಟ್ಟಿ, ಆ ಮಗಳ ಬೆನ್ನಿಗೇ ಇರಬೇಕಾಗಿ ಬಂದಾಗ ಕಾರ್ಖಾನೆ ಬಿಟ್ಟು, ಅಂಗಿಗಳ ಗಂಟನ್ನೇ ಮನೆಗೆ ತರಿಸಿಕೊಳ್ಳತೊಡಗಿದಳು. ಗಂಡ ಲಿಫ್ಟ್ ರಿಪೇರಿಯವನು. ಊರಿನ ಯಾವ ಕಟ್ಟಡದಲ್ಲಿ ಯಾವ ಲಿಫ್ಟು ಎರಡು ಮಹಡಿಗಳ ನಡುವೆ ಮೊಂಡು ಹಿಡಿದು ನಿಂತರೂ ಫೋನು ಅವನಿಗೇ. ಬೆಳಗ್ಗೆ ಲಿಫ್ಟಿನ ಗುಂಡಿ ಒತ್ತಿ ನೋಡುವುದು, ಆಮೇಲೆ ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯುವುದು, ಸಂಜೆ ಮನೆಗೆ ಬಂದರೆ ಗುಂಡಿಯಕ್ಕ. ತನ್ನ ಹಣೆಯಲ್ಲಿ ಬರೆದದ್ದೇ ಇಷ್ಟು ಎಂದು ಅವನು ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ.

ಮಗಳನ್ನು ಅಪ್ಪ ದೊರೆಸಾನಿ ಎನ್ನುತ್ತಿದ್ದ. ಒಂಬತ್ತು ವರ್ಷದ ಹುಡುಗಿ. ಆಟಿಸಂ ಎಂದು ಡಾಕ್ಟರು ಹೇಳಿ ಆಗಲೇ ಐದಾರು ವರ್ಷವಾಗಿತ್ತು. ಮಾತಿಲ್ಲ, ಆದರೆ ಅಪ್ಪಣೆಗೆ ಮಾತೇಕೆ ಬೇಕು? ಬೇಕಾದದ್ದರ ಕಡೆ ಯಾರದಾದರೂ ಮಣಿಕಟ್ಟು ಹಿಡಿದು ಎಳೆದೊಯ್ದರೆ ಮುಗಿಯಿತು. ಅವಳಿಗೆ ಈ ಲೋಕದಲ್ಲಿ ಸಹಿಸಲಾಗದ ಸಂಗತಿ ಒಂದೇ, ತೆರೆದ ಬಾಗಿಲು. ಪೂರ್ತಿ ತೆರೆದದ್ದು ತಪ್ಪು, ಅರೆ ತೆರೆದದ್ದು ಮಹಾಪರಾಧ. ಮನೆಯ ಬಾಗಿಲು, ಬಚ್ಚಲ ಬಾಗಿಲು, ಫ್ರಿಜ್ಜು, ಎದುರುಮನೆಯ ಗೇಟು, ಬೀದಿಯಲ್ಲಿ ನಿಂತ ಅಪರಿಚಿತರ ಕಾರು, ಎಲ್ಲವನ್ನೂ ಅವಳು ಓಡಿಹೋಗಿ ಮುಚ್ಚುತ್ತಿದ್ದಳು. ಫ್ರಿಜ್ಜಿನೊಳಗೆ ಕೈಯಿಟ್ಟಿದ್ದವರು ಕೈಯನ್ನು ತಾವೇ ನೋಡಿಕೊಳ್ಳಬೇಕು. ನಿದ್ದೆಯೋ, ಅವಳಿಗೆ ಕೋಳಿನಿದ್ದೆ. ಆದ್ದರಿಂದ ಮನೆಯಲ್ಲಿ ಒಬ್ಬರು ಮಲಗಿದರೆ ಒಬ್ಬರು ಕಾವಲು. ಗಂಡ ಹೆಂಡತಿ ಒಂದೇ ಹೊತ್ತಿನಲ್ಲಿ ಕಣ್ಣು ಮುಚ್ಚಿದ್ದು ಇಬ್ಬರಿಗೂ ನೆನಪಿರಲಿಲ್ಲ.

ದರ್ಜಿಯ ಮನೆಯಲ್ಲಿ ಉಳಿಯುವ ಚಿಂದಿಯ ಹಾಗೆ ಗುಂಡಿಯಕ್ಕನ ನಿದ್ದೆ ತುಂಡುತುಂಡಾಗಿ ಬಿದ್ದಿರುತ್ತಿತ್ತು. ಜೋಡಿಸಿದರೂ ಒಂದು ಅಂಗಿಯಾಗುವಷ್ಟಿರಲಿಲ್ಲ. ಒಮ್ಮೆ ಒಂದಿಡೀ ಗಂಟಿನ ಅಂಗಿಗಳ ಎದೆಯನ್ನು ಗುಂಡಿಯ ಜೊತೆಗೇ ಮುಚ್ಚಿ ಹೊಲಿದುಬಿಟ್ಟಳು. ಕಾರ್ಖಾನೆಯವರು ವಾಪಸು ಕಳಿಸಿ, ಇದನ್ನು ತೊಡುವವರು ಎಲ್ಲಿಂದ ಒಳಗೆ ಹೋಗಬೇಕು ಎಂದು ಕೇಳಿದ್ದರು. ಇನ್ನೊಮ್ಮೆ ಯಾರೋ ಕರೆದರೆಂದು ಎದ್ದಳು. ತೊಟ್ಟ ಬಟ್ಟೆಗೆ ಹೊಲಿದುಕೊಂಡಿದ್ದ ಅಂಗಿ, ಅದಕ್ಕೆ ಸಿಕ್ಕಿಕೊಂಡಿದ್ದ ಇನ್ನೊಂದು, ಅದರ ಹಿಂದೆ ಮತ್ತೊಂದು, ಎಲ್ಲ ಸಾಲಾಗಿ ಅವಳ ಜೊತೆ ಬಾಗಿಲವರೆಗೆ ಬಂದವು.

ವಾರಕ್ಕೊಮ್ಮೆ ದೊರೆಸಾನಿಯನ್ನು ತರಬೇತಿ ಕೇಂದ್ರಕ್ಕೆ ಕರೆದೊಯ್ಯುತ್ತಿದ್ದಳು. ಆ ವರ್ಷ ಅಲ್ಲಿಗೆ ಹೊಸದಾಗಿ ಒಬ್ಬ ಆಪ್ತ ಸಲಹೆಗಾರ ಬಂದ. ಕಿರಿಯ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಅದಕ್ಕಿಂತ ನೀಟಾಗಿ ಇಸ್ತ್ರಿ ಮಾಡಿದ ದನಿ. ಎಲ್ಲದಕ್ಕೂ "ಸಮಾಧಾನ, ಸಮಾಧಾನ" ಎನ್ನುತ್ತಿದ್ದರಿಂದ ತಂದೆತಾಯಿಗಳು ಅವನಿಗೆ ಸಮಾಧಾನದ ಮೇಷ್ಟ್ರು ಎಂದು ಹೆಸರಿಟ್ಟರು. ಅವನು ಮಕ್ಕಳಿಗಲ್ಲ, ಮಕ್ಕಳ ಹೆತ್ತವರಿಗೆ ಬಂದವನು. ಹಿಂಬದಿಯ ಕೋಣೆಯೊಂದಕ್ಕೆ "ಪೋಷಕರ ಒತ್ತಡ ನಿರ್ವಹಣೆ" ಎಂದು ಬೋರ್ಡು ಹಾಕಿಸಿ, ಪೋಷಕರು ಮಕ್ಕಳನ್ನು ಮನೆಯಲ್ಲೇ ಬಿಟ್ಟು ತರಗತಿಗೆ ಬರಬೇಕು ಎಂದು ಹೇಳಿಕಳಿಸಿದ.

ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬ ಈಜುಕೊಳದ ಕೋಚ್. ಅವನ ಮಗನಿಗೆ ಕೈಗೆ ಸಿಕ್ಕ ಚಪ್ಪಲಿ, ಷೂಗಳನ್ನೆಲ್ಲ ಎಸೆಯುವುದರಲ್ಲಿ ಆನಂದ. ಕೋಚ್ ಕೈಯೆತ್ತಿ, ಮಕ್ಕಳನ್ನು ಬಿಟ್ಟು ಬರಲು ಜನ ಇದ್ದಿದ್ದರೆ ನಮಗೆ ಒತ್ತಡ ಯಾಕಿರುತ್ತಿತ್ತು ಎಂದು ಕೇಳಿದ. ಮೇಷ್ಟ್ರು ತುಸು ಯೋಚಿಸಿ, ಸರಿ, ಮಕ್ಕಳನ್ನೂ ಕರೆತನ್ನಿ ಎಂದ. ಹೀಗೆ ಒತ್ತಡ ಕಳೆಯುವ ತರಗತಿ ಒತ್ತಡದ ಸಮೇತ ಶುರುವಾಯಿತು.

ಮೊದಲ ದಿನ ಅವನು ಎಲ್ಲರಿಗೂ ಕಣ್ಣು ಮುಚ್ಚಿ ಎಂದ. ಯಾರೂ ಮುಚ್ಚಲಿಲ್ಲ. ಆ ಕೋಣೆಯಲ್ಲಿ ಎರಡೂ ಕಣ್ಣು ಮುಚ್ಚಿದರೆ ತೆರೆಯುವಷ್ಟರಲ್ಲಿ ಒಂದು ಮಗು ಕಡಿಮೆಯಾಗಿರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಬಲಗಡೆಯವರು ಬಲಗಣ್ಣು, ಎಡಗಡೆಯವರು ಎಡಗಣ್ಣು ಮುಚ್ಚುವುದೆಂದು ಒಪ್ಪಂದವಾಯಿತು. ನೀವೀಗ ಸಮುದ್ರದ ದಡದಲ್ಲಿದ್ದೀರಿ, ಅಲೆಗಳು ಮೆಲ್ಲಗೆ ಬರುತ್ತಿವೆ ಎಂದ ಮೇಷ್ಟ್ರು. ಬಂದದ್ದು ಕೋಚ್ ಮಗ ಎಸೆದ ಷೂ. ಅದು ಮೇಷ್ಟ್ರ ಕಿವಿ ಸವರಿಕೊಂಡು ಹೋಯಿತು. ಆಮೇಲೆ ಅವನು ಒಬ್ಬೊಬ್ಬರನ್ನೂ ಸಮುದ್ರದ ದಡದಲ್ಲಿ ಹೇಗಿತ್ತೆಂದು ವಿಚಾರಿಸಿದ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವ, ಎಲ್ಲರೂ ಪೋಸ್ಟಕ್ಕ ಎಂದು ಕರೆಯುವ ಹೆಂಗಸು ನಿಟ್ಟುಸಿರು ಬಿಟ್ಟಳು.

"ಮಗನ ಗಾಲಿಕುರ್ಚಿ ಮರಳಲ್ಲಿ ಹೂತುಕೊಂಡ್ಬಿಡ್ತು ಸರ್. ಇಷ್ಟು ಹೊತ್ತೂ ತಳ್ಳಿದ್ದೇ ಆಯ್ತು. ತೋಳು ನೋಯ್ತಿದೆ."

ಗುಂಡಿಯಕ್ಕನಿಗಂತೂ ಸಮುದ್ರಕ್ಕೆ ಬಾಗಿಲೇ ಇಲ್ಲವಲ್ಲ, ದೊರೆಸಾನಿ ಇಲ್ಲಿ ಏನು ಮಾಡಿಯಾಳು ಎಂಬ ಚಿಂತೆ ಹತ್ತಿ ಅಲೆಯ ಕಡೆ ಗಮನವೇ ಹೋಗಿರಲಿಲ್ಲ. ಪಾಪ, ಮೇಷ್ಟ್ರು ಕೆಟ್ಟವನಲ್ಲ. ಹೋಗುವಾಗ ಎಲ್ಲರಿಗೂ ಕೈಮುಗಿದು, ಎಷ್ಟೇ ಕಷ್ಟವಾದರೂ ದಿನಕ್ಕೆ ಅರ್ಧ ಗಂಟೆ ನಿಮಗೋಸ್ಕರ ಇಟ್ಟುಕೊಳ್ಳಿ ಎಂದು ಕೇಳಿಕೊಂಡ. ಮುಂದಿನ ವಾರ ಯಾರಿಗೆ ಸಿಕ್ಕಿತೆಂದು ವಿಚಾರಿಸಿದಾಗ ಗುಂಡಿಯಕ್ಕ ಇದ್ದದ್ದನ್ನು ಇದ್ದಂತೆ ಹೇಳಿದಳು.

"ಆ ಅರ್ಧ ಗಂಟೆ ಹುಡುಕೋದ್ರಲ್ಲೇ ಒಂದು ಗಂಟೆ ಹೋಯ್ತು ಸರ್."

ಆ ದಿನವೇ ಮಧ್ಯಾಹ್ನ, ತರಗತಿ ಮುಗಿಸಿ ಬಸ್ ಸ್ಟಾಪಿಗೆ ನಡೆಯುತ್ತಿದ್ದಾಗ ನಡೆದದ್ದು ಇದು. ದಾರಿಯಲ್ಲಿ ಮೂರು ಮಹಡಿಯ ಪೀಠೋಪಕರಣಗಳ ಅಂಗಡಿಯಿತ್ತು. ಗಾಜಿನ ಆಚೆ ಬಟ್ಟೆ ಬೀರುಗಳು ಸಾಲಾಗಿ ನಿಂತಿದ್ದವು, ಒಳಗಿನ ಖಾನೆಗಳು ಗಿರಾಕಿಗಳಿಗೆ ಕಾಣಲೆಂದು ಎಲ್ಲವನ್ನೂ ಬಾಗಿಲು ತೆರೆದೇ ಇಟ್ಟಿದ್ದರು. ದೊರೆಸಾನಿ ಗಕ್ಕನೆ ನಿಂತಳು. ಇಷ್ಟೊಂದು ಅನ್ಯಾಯವನ್ನು ಅವಳು ಒಟ್ಟಿಗೆ ಕಂಡವಳೇ ಅಲ್ಲ. ಅಮ್ಮನ ಕೈ ಕೊಡವಿಕೊಂಡು ಒಳಗೆ ನುಗ್ಗಿದಳು. ಟಪ್, ಟಪ್, ಟಪ್. ಗುಂಡಿಯಕ್ಕ ಎಡಕ್ಕೊಬ್ಬರಿಗೆ ಬಲಕ್ಕೊಬ್ಬರಿಗೆ ಕ್ಷಮೆ ಕೇಳುತ್ತ ಹಿಂದೆ ಓಡಿದವಳು ಎರಡನೆಯ ಮಹಡಿಯಲ್ಲಿ ಮಂಚದ ಮೂಲೆಗೆ ಮೊಣಕಾಲು ಬಡಿಸಿಕೊಂಡಳು. ಉಜ್ಜಿಕೊಳ್ಳೋಣವೆಂದು ಆ ಮಂಚದ ಮೇಲೆಯೇ ಕೂತಳು. ಕೂತದ್ದಷ್ಟೇ ಅವಳಿಗೆ ನೆನಪು.

ಎಚ್ಚರವಾದಾಗ ಸುತ್ತ ಜನ ನಿಂತಿದ್ದರು. ಟೈ ಕಟ್ಟಿದ ಮ್ಯಾನೇಜರ್ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಿರಿಸುತ್ತಿದ್ದ. ಹೊಸದಾಗಿ ಮದುವೆಯಾದ ಜೋಡಿಯೊಂದು ಕಾಲಬಳಿ ನಿಂತು ಪಿಸುಗುಟ್ಟುತ್ತಿತ್ತು. ಗುಂಡಿಯಕ್ಕ ದಡಬಡಿಸಿ ಎದ್ದು ಮಗಳೆಲ್ಲಿ ಎಂದಳು. ಮೇಲಿನ ಮಹಡಿಯಿಂದ ಟಪ್ ಎಂದು ಉತ್ತರ ಬಂತು. ಅಷ್ಟರಲ್ಲಿ ಮದುವೆ ಹುಡುಗಿ, "ಅವರು ಮಲಗಿದ್ರಲ್ಲ, ಅದೇ ಹಾಸಿಗೆ ಕೊಡಿ. ಅದೇ ಬೇಕು" ಎಂದಳು.

ಮ್ಯಾನೇಜರ್ ಗುಂಡಿಯಕ್ಕನನ್ನು ಬೈಯಲಿಲ್ಲ. ಅವಳನ್ನು ಕೂರಿಸಿ ನೀರು ಕೊಟ್ಟ. ಈ ಅಂಗಡಿಯಲ್ಲಿ ಗಿರಾಕಿಗಳು ಬರುತ್ತಾರೆ, ಹಾಸಿಗೆಯನ್ನು ಬೆರಳಿನಿಂದ ಒತ್ತುತ್ತಾರೆ, ತಲೆಯಾಡಿಸುತ್ತಾರೆ, ಹೋಗುತ್ತಾರೆ. ಇವತ್ತು ಹಾಸಿಗೆ ಎಂದರೇನೆಂದು ಮೊದಲ ಸಲ ಜನರಿಗೆ ಅರ್ಥವಾಯಿತು ಎಂದು ಹೇಳಿ, ನಾಳೆಯಿಂದ ದಿನಾ ಬರಲಾದೀತೇ ಎಂದು ಕೇಳಿದ.

"ಕೆಲ್ಸ ಏನು ಸರ್?"

"ಮಲಗೋದು."

"ಆಮೇಲೆ?"

"ಆಮೇಲೆ ಏನಿಲ್ಲಮ್ಮ. ಹಾಗೇ ಮಲಗಿರೋದು."

ಗಂಡನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಊರಿನ ಚಿಂತೆಯನ್ನೆಲ್ಲ ಹೊತ್ತ ನೀನು ಸಂತೆಗೆ ಹೋಗಿ ಮಲಗಿದರೆ ಗಾದೆ ಬರೆದವರ ಗತಿಯೇನು ಎಂದ. ಆಮೇಲೆ ಮೆತ್ತಗೆ, ಮಲಗಿದ್ದಕ್ಕೆ ಸಂಬಳ ಕೊಡುವ ಕಡೆ ಲಿಫ್ಟ್ ರಿಪೇರಿಯವರಿಗೂ ಜಾಗ ಇದೆಯೇ ವಿಚಾರಿಸು ಎಂದು ಸೇರಿಸಿದ. ಮಗಳನ್ನು ನೋಡಿಕೊಳ್ಳಲು ಮರುದಿನದಿಂದ ಕೆಲವು ದಿನ ರಜೆ ಹಾಕುವುದಕ್ಕೂ ಒಪ್ಪಿದ.

ಮರುದಿನ ಗುಂಡಿಯಕ್ಕ ತಲೆ ಬಾಚಿಕೊಂಡು, ಒಗೆದ ಬಟ್ಟೆ ತೊಟ್ಟು, ಸರಿಯಾದ ಹೊತ್ತಿಗೆ ಕೆಲಸಕ್ಕೆ ಹಾಜರಾದಳು. ಬಿಳಿ ಚಾದರ, ಎರಡು ದಿಂಬು, ತಲೆಯ ಬಳಿ "ದಯವಿಟ್ಟು ಸದ್ದು ಮಾಡಬೇಡಿ" ಎಂಬ ಫಲಕ. ಮಲಗಿದಳು. ನಿದ್ದೆ ಬರಲಿಲ್ಲ. ಮಗ್ಗುಲು ಬದಲಿಸಿದಳು. ಹೊಸ ಕೆಲಸ, ಮೊದಲ ದಿನ, ಮ್ಯಾನೇಜರ್ ಕಂಬದ ಹಿಂದಿನಿಂದ ನೋಡುತ್ತಿದ್ದಾನೆ. ನಿದ್ದೆ ಮಾಡಲೇಬೇಕೆಂದು ಹಲ್ಲು ಕಚ್ಚಿ ಕಣ್ಣು ಮುಚ್ಚಿದಷ್ಟೂ ನಿದ್ದೆ ಮೈಲಿ ದೂರ ಓಡುತ್ತಿತ್ತು. ಗಂಡನಿಗೆ ಫೋನು ಬಂದಿರುತ್ತದೆ, ಅವನು ಕಿವಿಗೆ ಫೋನಿಟ್ಟುಕೊಂಡು ಬಾಲ್ಕನಿಗೆ ಹೋಗಿರುತ್ತಾನೆ, ದೊರೆಸಾನಿ ಬಾಲ್ಕನಿಯ ಬಾಗಿಲು ಹಾಕಿರುತ್ತಾಳೆ, ಅವನು ಹೊರಗೆ, ಅವಳು ಒಳಗೆ. (ಆಮೇಲೆ ತಿಳಿದಂತೆ ಆದದ್ದೂ ಅಕ್ಷರಶಃ ಇದೇ.) ಕೊನೆಗೆ ನಿದ್ದೆ ಬಂದವಳಂತೆ ನಟಿಸಿದಳು. ನಟನೆ ಅವಳಿಗೆ ಒಗ್ಗದ ವಿದ್ಯೆ. ಒಬ್ಬ ಮುದುಕ ಹತ್ತಿರ ಬಂದು ಬಗ್ಗಿ ನೋಡಿ, ಈ ಹಾಸಿಗೆಯಲ್ಲಿ ಏನೋ ಚುಚ್ಚುತ್ತಿರಬೇಕು ಎಂದು ಹೆಂಡತಿಗೆ ಹೇಳಿ ಹೊರಟುಹೋದ. ಸಂಜೆ ಮ್ಯಾನೇಜರ್ ಬಲು ಸಂಕೋಚದಿಂದ, ನಿದ್ದೆಯಲ್ಲಿ ನಿನ್ನೆಯ ಸಹಜತೆ ಇಲ್ಲ ಎಂದ.

ಎರಡು ಮೂರು ದಿನ ಹೀಗೇ ಆಯಿತು. ಮನೆಯಲ್ಲಿ ಕೂತಲ್ಲಿ ಕಣ್ಣು ಎಳೆಯುತ್ತಿದ್ದವಳಿಗೆ ಅಂಗಡಿಯಲ್ಲಿ ಮಲಗಿದರೆ ಕಣ್ಣು ನಿಗಿನಿಗಿ. ದಿಕ್ಕು ತೋಚದೆ ಸಮಾಧಾನದ ಮೇಷ್ಟ್ರ ಬಳಿ ಹೋದಳು. ಅಂಗಡಿಯ ಹಾಸಿಗೆಯಲ್ಲಿ ತಾನಾಗಿ ನಿದ್ದೆ ಬಂದದ್ದಕ್ಕೆ ಅಲ್ಲೇ ನಿದ್ದೆ ಮಾಡುವ ಕೆಲಸ ಸಿಕ್ಕಿದೆ, ಈಗ ಕೆಲಸದ ಒತ್ತಡದಿಂದ ನಿದ್ದೆ ಬರುತ್ತಿಲ್ಲ ಎಂದಳು. ಮೇಷ್ಟ್ರು ಓದಿದ್ದ ಯಾವ ಪುಸ್ತಕದಲ್ಲೂ ಈ ಪ್ರಕರಣ ಇದ್ದಿರಲಾರದು. ಸಮುದ್ರದ ದಡ ಅಂತ ಬಾಯಿ ತೆರೆದವನು ತಾನೇ ಮುಚ್ಚಿಕೊಂಡ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ಮೊದಲ್ನೇ ದಿನ ನಿಮಗೆ ನಿದ್ದೆ ಬಂತಲ್ಲ, ಆಗ ಮಗು ಎಲ್ಲಿತ್ತು?"

"ಅಲ್ಲೇ ಇದ್ಲು ಸರ್. ಬಾಗ್ಲು ಹಾಕ್ತಿದ್ಲು. ಟಪ್ ಟಪ್ ಅಂತ ಕೇಳ್ತಾನೇ ಇತ್ತು."

ಹೇಳಿ ಮುಗಿಸುವ ಮುಂಚೆಯೇ ಅವಳಿಗೂ ಹೊಳೆದಿತ್ತು. ಎದ್ದು ನಿಂತಳು. ಮೇಷ್ಟ್ರೂ ಎದ್ದು ನಿಂತ. ಆ ಕೋಣೆಯಲ್ಲಿ ತಾನು ಹೇಳಿದ್ದರಿಂದ ಯಾರಿಗಾದರೂ ಉಪಯೋಗವಾದದ್ದು ಅದೇ ಮೊದಲಾದ್ದರಿಂದ ಅವನ ಮುಖ ಕೆಂಪಾಗಿತ್ತು.

ಮರುದಿನ ದೊರೆಸಾನಿಯೂ ಅಂಗಡಿಗೆ ಬಂದಳು. ಅವಳು ಬೀರುಗಳತ್ತ ಹೋದಳು, ಅಮ್ಮ ಹಾಸಿಗೆಯತ್ತ. ಟಪ್ ಎಂದಿತು ಒಂದು, ಟಪ್ ಎಂದಿತು ಇನ್ನೊಂದು. ಸದ್ದು ಬರುವಷ್ಟು ಹೊತ್ತು ಮಗಳು ಕ್ಷೇಮ. ನಾಲ್ಕನೆಯ ಟಪ್ಪಿಗೆ ಗುಂಡಿಯಕ್ಕನ ಬಾಯಿ ತುಸುವೇ ತೆರೆಯಿತು, ಉಸಿರು ದೀರ್ಘವಾಯಿತು. ಗಿರಾಕಿಗಳು ತಾವಾಗಿಯೇ ತುದಿಗಾಲಿನಲ್ಲಿ ನಡೆಯತೊಡಗಿದರು.

ತೊಂದರೆ ಎಂದರೆ ಬಾಗಿಲುಗಳು ಮುಗಿದುಹೋಗುತ್ತಿದ್ದವು. ಮ್ಯಾನೇಜರ್ ಒಬ್ಬ ಸೇಲ್ಸ್‌ಮನ್‌ಗೆ ದೊರೆಸಾನಿ ಮುಚ್ಚಿದ ಬಾಗಿಲುಗಳನ್ನು ಹಿಂದಿನಿಂದ ತೆರೆಯುತ್ತ ಹೋಗುವ ಕೆಲಸ ಕೊಟ್ಟ. ಅದು ಅಂದುಕೊಂಡಷ್ಟು ಸುಲಭವಲ್ಲ. ತೆರೆಯುವುದು ಅವಳ ಕಣ್ಣಿಗೆ ಬಿದ್ದರೆ ಅಂಗಡಿ ಹಾರಿಹೋಗುವಂತೆ ಕಿರುಚುತ್ತಿದ್ದಳು. ಆದ್ದರಿಂದ ಆ ನಡುವಯಸ್ಸಿನ ಗೃಹಸ್ಥ ಷೂ ಬಿಚ್ಚಿ, ಬರೀ ಸಾಕ್ಸಿನಲ್ಲಿ, ಅವಳಿಗಿಂತ ಒಂದು ಮಹಡಿ ಹಿಂದೆ ಕಳ್ಳನಂತೆ ಸುಳಿಯುತ್ತಿದ್ದ. ಹೆಂಡತಿ ಮನೆಯಲ್ಲಿ ಇವತ್ತೇನು ಮಾಡಿದಿರಿ ಎಂದು ಕೇಳಿದರೆ ಹೇಳಲು ಮಾತೇ ಸಿಗುವುದಿಲ್ಲ ಎಂದು ಅವನ ದುಃಖ.

ಹೆಂಡತಿಯ ಕೆಲಸ ಎಂಥದ್ದೆಂದು ಕಣ್ಣಾರೆ ನೋಡಲು ಒಂದು ಮಧ್ಯಾಹ್ನ ಲಿಫ್ಟಿನವನು ಬಂದ. ಕೈಯಲ್ಲಿ ಸಾಮಾನಿನ ಪೆಟ್ಟಿಗೆ, ಮೈಯಲ್ಲಿ ಗ್ರೀಸಿನ ವಾಸನೆ. ಹಾಸಿಗೆಯ ಮೇಲೆ ಅವಳು ಕೆನ್ನೆಯ ಕೆಳಗೆ ಕೈಯಿಟ್ಟು ಮಲಗಿದ್ದಳು. ಹುಬ್ಬು ಬಿಚ್ಚಿಕೊಂಡಿತ್ತು. ಅವನು ಅಲ್ಲೇ ನಿಂತುಬಿಟ್ಟ. ಕಾವಲಿನ ಪಾಳಿ ಬದಲಾಗುವಾಗ ಕತ್ತಲಲ್ಲಿ ಭುಜ ಅಲುಗಿಸಿ ಎಬ್ಬಿಸಿದ್ದುಂಟೇ ಹೊರತು, ಮಲಗಿದವಳ ಮುಖವನ್ನು ಅವನು ಕೂತು ನೋಡಿರಲಿಲ್ಲ. ಇಷ್ಟು ಹರೆಯದವಳೇ ಇವಳು ಎಂದು ಅವನಿಗೆ ಗಾಬರಿಯಾಯಿತು. ಪಕ್ಕದ ಮಂಚದ ಮೇಲೆ ಕೂತು ನೋಡಿದ. ನೋಡುತ್ತ ನೋಡುತ್ತ ಅವನೂ ಒರಗಿದ. ಸ್ವಲ್ಪ ಹೊತ್ತಿಗೆ ಮೂರನೆಯ ಮಹಡಿಯವರೆಗೆ ಕೇಳುವ ಗೊರಕೆ ಶುರುವಾಯಿತು. ಮ್ಯಾನೇಜರ್ ಓಡಿಬಂದು ಅವನನ್ನು ಎಬ್ಬಿಸಿ, ಗೊರಕೆಯಿಂದ ಹಾಸಿಗೆಯ ಮಾನ ಹೋಗುತ್ತದೆ, ದಯವಿಟ್ಟು ಸೋಫಾ ವಿಭಾಗಕ್ಕೆ ಹೋಗಿ ಎಂದ.

ಸುದ್ದಿಗೆ ಕಾಲು ಬೇಕೇ? ತರಬೇತಿ ಕೇಂದ್ರದಲ್ಲಿ ಗುಂಡಿಯಕ್ಕನ ಮುಖ ನೋಡಿಯೇ ಪೋಸ್ಟಕ್ಕ ಏನೋ ಆಗಿದೆ ಎಂದು ಹಿಡಿದಳು. ಯಾವ ಕ್ರೀಮು ಹಚ್ಚುತ್ತೀ ಎಂದು ಕೇಳಿದಳು. ನಿದ್ದೆ ಎಂದಳು ಗುಂಡಿಯಕ್ಕ. ಮರುದಿನ ಪೋಸ್ಟಕ್ಕ ಮಗನ ಗಾಲಿಕುರ್ಚಿ ತಳ್ಳಿಕೊಂಡು ಅಂಗಡಿಗೆ ಬಂದು, ಹಾಸಿಗೆ ಪರೀಕ್ಷಿಸಬೇಕು ಎಂದಳು. ಪರೀಕ್ಷೆ ಸಂಜೆಯವರೆಗೆ ನಡೆಯಿತು. ಅವಳ ಮಗನನ್ನು ಆ ಹೊತ್ತೆಲ್ಲ ಗುಂಡಿಯಕ್ಕನೇ ನೋಡಿಕೊಂಡಳು. ಹುಡುಗ ಗಟ್ಟಿ ಮಾತುಗಾರ. ಕಾಲು ನಡೆಯದಿದ್ದರೂ ನಾಲಿಗೆ ಎರಡು ಮೈಲಿ ನಡೆಯುತ್ತಿತ್ತು. ಅವನು ಗಿರಾಕಿಗಳ ಮುಂದೆ ಮಂಚಗಳ ಗುಣಗಾನ ಮಾಡಿ ಎರಡು ಮಂಚ ಮಾರಿಸಿದ. ಆಮೇಲೆ ಕೋಚ್ ಬಂದ. ಅವನ ಮಗನಿಗೆ ಷೂಗಳ ಬದಲು ಸೋಫಾದ ಪುಟ್ಟ ದಿಂಬುಗಳು ಸಿಕ್ಕಿದ್ದರಿಂದ ಯಾರ ಹಣೆಯೂ ಒಡೆಯಲಿಲ್ಲ. ಒಬ್ಬರು ಮಲಗಿದರೆ ಒಬ್ಬರು ಮಕ್ಕಳನ್ನು ನೋಡಿಕೊಳ್ಳುವುದು, ಮಲಗಿ ಎದ್ದವರು ನೋಡಿಕೊಂಡವರಿಗೆ ಋಣಿಯಾಗಬೇಕಿಲ್ಲ, ಯಾರೂ ಯಾರಿಗೂ ಸಲಹೆ ಕೊಡಬಾರದು ಎಂದು ಅವರವರೇ ಮಾತಾಡಿಕೊಂಡರು. ಕೊನೆಯದು ಪೋಸ್ಟಕ್ಕ ಹಾಕಿದ ನಿಯಮ. ಅವಳಿಗೆ ಅಷ್ಟು ವರ್ಷಗಳಲ್ಲಿ ಬಂಧುಬಳಗ ಕೊಟ್ಟ ಸಲಹೆಗಳನ್ನು ಪೇರಿಸಿದರೆ ಅಂಚೆ ಕಚೇರಿಯ ಮೂಟೆಗಳೂ ಸಾಲುತ್ತಿರಲಿಲ್ಲ.

ಕೆಲವು ವಾರಗಳಲ್ಲಿ ಅಂಗಡಿಯ ಎರಡನೆಯ ಮಹಡಿಯಲ್ಲಿ ಮಧ್ಯಾಹ್ನದ ಹೊತ್ತು ಒಂದು ಮಂಚವೂ ಖಾಲಿ ಉಳಿಯದಂತಾಯಿತು. ಒಬ್ಬ ತಂದೆ ಬಂದು ಮಲಗುತ್ತಲೂ ಇರಲಿಲ್ಲ, ದಿಂಬಿಗೆ ಮುಖ ಒತ್ತಿ ಮನಸೋ ಇಚ್ಛೆ ಬೈದು, ಮುಖ ಒರೆಸಿಕೊಂಡು, ಅಂಗಿ ಸರಿಮಾಡಿಕೊಂಡು ಆಫೀಸಿಗೆ ಹೋಗುತ್ತಿದ್ದ. ಮ್ಯಾನೇಜರನಿಗೋ ಬಿಸಿತುಪ್ಪ, ನುಂಗುವ ಹಾಗಿಲ್ಲ ಉಗುಳುವ ಹಾಗಿಲ್ಲ. ಮಲಗುವವರು ಬೇಕಾದಷ್ಟು, ಕೊಳ್ಳಬಂದವರಿಗೆ ಮಲಗಿ ನೋಡಲು ಜಾಗವಿಲ್ಲ. ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದವಳು ಸಾಲುಸಾಲು ಮಂಚಗಳನ್ನೂ ಬಿಳಿ ಚಾದರಗಳನ್ನೂ ಕಂಡು, ದನಿ ತಗ್ಗಿಸಿ, ರೋಗಿಗಳನ್ನು ನೋಡುವ ಸಮಯ ಎಷ್ಟರವರೆಗೆ ಎಂದು ಕೇಳಿದಳು. ಇನ್ನೊಬ್ಬ ತಾನು ತಂದಿದ್ದ ಹಣ್ಣುಗಳನ್ನು ಕೋಚ್‌ನ ತಲೆಯ ಬಳಿ ಇಟ್ಟು, ಬೇಗ ಗುಣವಾಗಲಿ ಎಂದು ಹೇಳಿ ಹೋದ. ಎದ್ದ ಕೋಚ್ ಒಂದು ಕಿತ್ತಳೆ ಸುಲಿದು ತಿಂದು, ಗುಣವಾಗಿದೆ ಎಂದ.

ಹೀಗಿರುವಾಗ ಹೆಡ್ಡಾಫೀಸಿನಿಂದ ತಪಾಸಣೆಯವರೊಬ್ಬರು ಹೇಳದೆ ಕೇಳದೆ ಬಂದರು. ತೆಳ್ಳಗಿನ ಮೈ, ಕಪ್ಪು ಕೋಟು, ಪ್ರತಿಯೊಂದನ್ನೂ ಬೆರಳಿನಿಂದ ಮುಟ್ಟಿ ಧೂಳು ನೋಡುವ ಅಭ್ಯಾಸ. ಮ್ಯಾನೇಜರ್ ಕೆಳಗೆ ಗಿರಾಕಿಯೊಬ್ಬರ ಜೊತೆ ಇದ್ದ. ಇವರು ನೇರವಾಗಿ ಎರಡನೆಯ ಮಹಡಿಗೆ ಹತ್ತಿದರು. ಮಂಚಗಳ ಮೇಲೆ ಜನ ಮಲಗಿದ್ದನ್ನು ಕಂಡು, ಜೀವಂತ ಗೊಂಬೆಗಳ ಪ್ರದರ್ಶನ ಇರಬೇಕೆಂದು ಮೊದಲು ಅಂದುಕೊಂಡರಂತೆ. ಅದನ್ನು ಆಮೇಲೆ ವಿಚಾರಿಸಿದರಾಯಿತೆಂದು ದೊಡ್ಡದೊಂದು ಬೀರುವಿನ ಒಳಗೆ ತಲೆ ಹಾಕಿದರು, ಹಿಂಬದಿಯ ಹಲಗೆ ನೋಡಲು ಇನ್ನೊಂದು ಹೆಜ್ಜೆ ಒಳಗಿಟ್ಟರು. ಟಪ್.

ಒಳಗಿನಿಂದ ಅವರು ಬಾಗಿಲು ನೂಕಿದರು. ಬಾಗಿಲು ತುಸು ತೆರೆಯಿತು. ಹೊರಗೆ ನಿಂತಿದ್ದ ದೊರೆಸಾನಿ ಮುಚ್ಚಿದಳು. ಅವರು ಮತ್ತೆ ನೂಕಿದರು. ಅವಳು ಮತ್ತೆ ಮುಚ್ಚಿದಳು. ಇಂಥ ಹಟಮಾರಿ ಬಾಗಿಲನ್ನು ಅವಳು ಕಂಡೇ ಇರಲಿಲ್ಲ. ಹಾಗೆಂದು ಬಿಟ್ಟುಕೊಡುವ ಪೈಕಿಯೂ ಅಲ್ಲ. ಒಳಗಿನಿಂದ "ಯಾರಿದು, ಬಾಗಿಲು ತೆಗೀರಿ" ಎಂಬ ದನಿ ಕೇಳುತ್ತಿತ್ತು. ಆ ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಪಾಳಿ ಕೋಚ್‌ನದು. ಅವನು ಮಗ ಎಸೆದ ದಿಂಬುಗಳನ್ನು ಹೆಕ್ಕಲು ಮೂಲೆಯಲ್ಲಿ ಸೋಫಾದ ಕೆಳಗೆ ತೂರಿದ್ದ. ಸಾಕ್ಸಿನ ಸೇಲ್ಸ್‌ಮನ್ ಮೆಟ್ಟಿಲ ಬಳಿ ಕಂಬದ ಮರೆಯಲ್ಲಿ ನಿಂತು ಎಲ್ಲವನ್ನೂ ಕಂಡ. ಆದರೆ ಅವಳ ಎದುರಿಗೆ ಬಾಗಿಲು ತೆರೆಯಬಾರದೆಂಬುದು ಅವನಿಗಿದ್ದ ಕಟ್ಟಪ್ಪಣೆ. ಅವನು ಕಣ್ಣು ಮುಚ್ಚಿಕೊಂಡ.

ಗುಂಡಿಯಕ್ಕನಿಗೆ ನಿದ್ದೆಯಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ಟಪ್ ಟಪ್ ಎಂಬುದು ಊರೆಲ್ಲ ಸುತ್ತುವ ಬದಲು ಒಂದೇ ಕಡೆಯಿಂದ ಬರುತ್ತಿತ್ತು. ಎದ್ದು ಓಡಿಬಂದಳು. ಬಾಗಿಲ ಮುಂದೆ ಕಾದು ನಿಂತ ಮಗಳನ್ನು ಕಂಡ ಕೂಡಲೇ ಪರಿಸ್ಥಿತಿ ಅರ್ಥವಾಯಿತು. ಅವಳನ್ನು ಬಲವಂತವಾಗಿ ಎಳೆದರೆ ರಂಪವಾಗುತ್ತದೆ. ಗುಂಡಿಯಕ್ಕ ಬೀರುವಿನ ಹಲಗೆಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದಳು.

"ಸರ್, ನಾನು ಮೂರು ಅಂತೀನಿ. ಬೇಗ ಹೊರಗೆ ಬನ್ನಿ, ಬಂದ ತಕ್ಷಣ ನೀವೇ ಬಾಗ್ಲು ಹಾಕ್ಬಿಡಿ. ಸರಿಯಾಗಿ ಹಾಕಿ, ಸಂದು ಉಳೀಬಾರ್ದು. ಬೇರೆ ದಾರಿ ಇಲ್ಲ."

ತಪಾಸಣೆಯವರು ಹಾಗೆಯೇ ಮಾಡಿದರು. ಛಂಗನೆ ಹಾರಿ, ತಿರುಗಿ, ಎರಡು ಕೈಯಿಂದ ಬಾಗಿಲು ಒತ್ತಿದರು. ದೊರೆಸಾನಿ ಸಂದಿನ ಮೇಲೆ ಬೆರಳಾಡಿಸಿ ನೋಡಿದಳು. ತೃಪ್ತಿಯಾಯಿತು. ಇಂಥ ಕೆಲಸಗಾರ ಸಿಗುವುದು ಅಪರೂಪ ಅನ್ನಿಸಿರಬೇಕು, ಅವರ ಮಣಿಕಟ್ಟು ಹಿಡಿದು ಮುಂದಿನ ಬೀರುವಿನ ಬಳಿ ಎಳೆದೊಯ್ದಳು. ಅದು ಅರ್ಧ ತೆರೆದಿತ್ತು. ಅವರು ಗುಂಡಿಯಕ್ಕನ ಮುಖ ನೋಡಿದರು. ಹಾಕಿಬಿಡಿ ಎಂದು ಅವಳು ಕಣ್ಣಿನಲ್ಲೇ ಹೇಳಿದಳು. ಹಾಕಿದರು. ಮ್ಯಾನೇಜರ್ ಸುದ್ದಿ ತಿಳಿದು ಏದುಸಿರು ಬಿಡುತ್ತ ಮೇಲೆ ಬರುವ ಹೊತ್ತಿಗೆ ಹೆಡ್ಡಾಫೀಸಿನವರು ಆ ಹುಡುಗಿಯ ಕೈಯಲ್ಲಿ ಕೈಯಿಟ್ಟು, ಕೋಟಿನ ಗುಂಡಿ ಬಿಚ್ಚಿಕೊಂಡು, ಮೂರನೆಯ ಮಹಡಿಯ ಕೊನೆಯ ಬಾಗಿಲು ಹಾಕುತ್ತಿದ್ದರು.

ಕೆಳಗಿಳಿದು ಬಂದು, ಬೀರುಗಳ ಕೀಲುಗಳೆಲ್ಲ ಚೆನ್ನಾಗಿವೆ ಎಂದರು. ಇಷ್ಟು ಕೂಲಂಕಷವಾಗಿ ತಾವು ಎಂದೂ ತಪಾಸಣೆ ಮಾಡಿರಲಿಲ್ಲ ಎಂಬುದನ್ನೂ ಒಪ್ಪಿಕೊಂಡರು. ಮ್ಯಾನೇಜರನಿಗೆ ಹೋದ ಜೀವ ಬಂತು. ಆದರೆ ಅವರ ಮಾತು ಮುಗಿದಿರಲಿಲ್ಲ.

"ಈ ಮಲಗೋದು ಮಾತ್ರ ಇವತ್ತಿಗೇ ಸಾಕು. ಇದು ಅಂಗಡಿ ಕಣ್ರೀ, ಛತ್ರ ಅಲ್ಲ."

ಯಾರೂ ವಾದಿಸಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಒಬ್ಬೊಬ್ಬರೇ ಎದ್ದು ಚಾದರ ಮಡಿಸಿದರು. ಕೋಚ್ ಮಾತ್ರ ಮಂಚದ ಅಂಚಿನಲ್ಲಿ ಕೂತೇ ಇದ್ದ, ಅವನ ಮಲಗುವ ಪಾಳಿ ಇನ್ನೂ ಬಂದಿರಲಿಲ್ಲ. ಗುಂಡಿಯಕ್ಕನಿಗೆ ಕೆಲಸ ಹೋದದ್ದಕ್ಕಿಂತ, ನಾಳೆ ಮಧ್ಯಾಹ್ನ ಈ ಜನ ಎಲ್ಲಿಗೆ ಹೋಗುತ್ತಾರೆ ಎಂಬುದೇ ಎದೆಯಲ್ಲಿ ಕೂತಿತು. ಅವಳು ಬಾಗಿಲವರೆಗೆ ಹೋದವಳು ತಿರುಗಿ ಬಂದು, ಗೋದಾಮಿನಲ್ಲಿ ಹೊಲಿಗೆ ಬಿಚ್ಚಿದ, ಕಲೆಯಾದ, ಗಿರಾಕಿಗಳು ವಾಪಸು ಕೊಟ್ಟ ಹಾಸಿಗೆಗಳಿವೆಯಲ್ಲ, ಅವನ್ನೇನು ಮಾಡುತ್ತೀರಿ ಎಂದು ಕೇಳಿದಳು. ಎಸೆಯಲು ಲಾರಿ ಗೊತ್ತುಮಾಡಬೇಕು ಎಂದ ಮ್ಯಾನೇಜರ್. ಹಾಗಾದರೆ ಲಾರಿಗೆ ವಿಳಾಸ ತಾನು ಹೇಳುತ್ತೇನೆ ಎಂದಳು. ತಪಾಸಣೆಯವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ, ಅದು ತಮ್ಮ ಗಮನಕ್ಕೆ ಬಂದಿಲ್ಲ ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು.

ಹಾಸಿಗೆಗಳು ಬಂದಿಳಿದದ್ದು ತರಬೇತಿ ಕೇಂದ್ರದ ಹಿಂಬದಿಯ ಕೋಣೆಗೆ. ಮೇಷ್ಟ್ರು ಮೊದಲು ತಬ್ಬಿಬ್ಬಾದ. ಕುರ್ಚಿಗಳನ್ನು ಹೊರಗಿಟ್ಟರೆ ತನ್ನ ತರಗತಿಯ ಗತಿಯೇನು ಎಂದ. ನೀವೂ ಒಂದು ಪಾಳಿ ಮಕ್ಕಳನ್ನು ನೋಡಿಕೊಳ್ಳಿ ಸರ್, ಅದೇ ತರಗತಿ ಎಂದಳು ಪೋಸ್ಟಕ್ಕ. ಅವನು ಒಂದು ದಿನ ನೋಡಿಕೊಂಡ. ಸಂಜೆ ಅಂಗಿ ಹೊರಗೆ ಬಂದು, ತಲೆ ಕೆದರಿ, ಒಂದು ಷೂ ಕಳೆದುಕೊಂಡು, ಮೂಲೆಯ ಹಾಸಿಗೆಯೊಂದರ ಮೇಲೆ ಬೋರಲು ಬಿದ್ದ. ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ಮರುದಿನದಿಂದ ಅವನು ಹಳೆಯ ಟೀಷರ್ಟು ಹಾಕಿಕೊಂಡು ಬರತೊಡಗಿದ, ಸಮುದ್ರದ ಸುದ್ದಿ ಎತ್ತಲಿಲ್ಲ. ಬಾಗಿಲ ಮೇಲಿನ ಬೋರ್ಡು ಹಾಗೆಯೇ ಉಳಿಯಿತು. ಮೇಲಧಿಕಾರಿಗಳು ಬಂದು ಇಣುಕಿದಾಗ ಒತ್ತಡ ನಿರ್ವಹಣೆ ಎಷ್ಟು ಚೆನ್ನಾಗಿ ನಡೆದಿತ್ತೆಂದರೆ ಅವರನ್ನು ಎದ್ದು ಸ್ವಾಗತಿಸಲು ಒಬ್ಬರಿಗೂ ಎಚ್ಚರವಿರಲಿಲ್ಲ.

ಇದರಿಂದ ಗುಂಡಿಯಕ್ಕನ ಬಾಳು ಬಂಗಾರವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ದೊರೆಸಾನಿಯ ಕೋಳಿನಿದ್ದೆ ಕೋಳಿನಿದ್ದೆಯಾಗಿಯೇ ಉಳಿಯಿತು. ನಡುವೆ ಒಂದು ಕೆಟ್ಟ ಕಾಲವೂ ಬಂತು. ಹುಡುಗಿಗೆ ಏನು ನೋವೋ ಹೇಳಲಾಗದೆ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು, ಹಲ್ಲಿನ ಹುಳುಕೆಂದು ಡಾಕ್ಟರಿಗೆ ಗೊತ್ತಾಗುವವರೆಗೆ ತಾಯಿ ಊಟ ಬಿಟ್ಟಿದ್ದಳು. ಆಗ ಪೋಸ್ಟಕ್ಕ ಹೇಗಿದ್ದೀ ಎಂದು ಫೋನು ಮಾಡಲಿಲ್ಲ. ಮಗನ ಸಮೇತ ಮನೆಗೇ ಬಂದು, ಮಾತಿಲ್ಲದೆ ಅಂಗಿಗಳ ಗಂಟು ಬಿಚ್ಚಿ ಕ್ರಮ ತಪ್ಪಿ ಗುಂಡಿ ಹೊಲಿದಳು. ಕಾರ್ಖಾನೆಯವರು ಮತ್ತೆ ವಾಪಸು ಕಳಿಸಿದರು. ಅದನ್ನು ಬಿಚ್ಚುತ್ತ ಗುಂಡಿಯಕ್ಕ ಬಹಳ ದಿನಗಳ ಮೇಲೆ ನಕ್ಕಳು.

ಒಂದು ಬೆಳಗ್ಗೆ ಕೇಂದ್ರದ ಹಿಂಬದಿಯ ಕೋಣೆಯ ಹೊರಗೆ ಒಬ್ಬ ಹೊಸಬ ನಿಂತಿದ್ದ. ಬ್ಯಾಂಕಿನವನಂತೆ ಕಾಣುತ್ತಿದ್ದ, ತೋಳಿನಲ್ಲಿ ಎರಡು ವರ್ಷದ ಗಂಡುಮಗು. ಮಗುವಿಗೆ ಏನಾಗಿದೆಯೆಂದು ಡಾಕ್ಟರು ಹಿಂದಿನ ವಾರವಷ್ಟೇ ತಿಳಿಸಿದ್ದರೆಂದು ಅವನ ಕಣ್ಣೇ ಹೇಳುತ್ತಿತ್ತು. ತಡವಾಗಿ ಬಂದದ್ದಕ್ಕೆ ಕ್ಷಮಿಸಬೇಕು, ಮಗು ಅಳಬಹುದು ಅದಕ್ಕೂ ಕ್ಷಮಿಸಬೇಕು ಎಂದ. ಗುಂಡಿಯಕ್ಕ ಮಗುವನ್ನು ಎತ್ತಿಕೊಂಡಳು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಸ್ಪ್ರಿಂಗು ಎದ್ದಿದೆ, ಅದು ಬೇಡ, ನಡುವಿನದರಲ್ಲಿ ಮಲಗಿ ಎಂದಳು.

"ಆದ್ರೆ ನಾನೇನು ಮಾಡ್ಬೇಕು ಮೇಡಂ? ಏನಾದ್ರೂ ಕಲಿಸ್ತಾರೆ ಅಂದ್ರು."

"ಷೂ ಬಿಚ್ಚಿ. ಮಿಕ್ಕಿದ್ದು ಆಮೇಲೆ ನೋಡೋಣ."

ಅವನು ಷೂ ಬಿಚ್ಚಿದ, ಟೈ ಬಿಚ್ಚಲು ಮರೆತ. ಮಲಗಿಕೊಂಡೇ ಮಗುವಿನ ತೊಂದರೆಯನ್ನು ಮೊದಲಿನಿಂದ ವಿವರಿಸತೊಡಗಿದ. ಎರಡನೆಯ ವಾಕ್ಯದ ನಡುವೆ ಅವನ ದನಿ ನಿಂತುಹೋಯಿತು. ತೋಳಿನಲ್ಲಿದ್ದ ಮಗು ಗುಂಡಿಯಕ್ಕನ ಜಡೆಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತಿತ್ತು. ಅವಳು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತ, ಮೂಲೆಯಲ್ಲಿ ದಿಂಬು ಹೆಕ್ಕುತ್ತಿದ್ದ ಮೇಷ್ಟ್ರಿಗೆ ದೀಪ ಆರಿಸಿ ಎಂದು ಸನ್ನೆ ಮಾಡಿದಳು.